ವೇಸೋವೇಗಲ್ ಬವಳಿ: ಉಪ್ಪು, ನೀರು, ಕಾಲು ಬಿಗಿ ಹಿಡಿಯೋದು ಅಂದ್ರೆ ಎಷ್ಟು, ಹೇಗೆ?

ಪಾಂಡವಪುರದ ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳ ವಿಷಯ ಕೇಳಬೇಕಿತ್ತು. 19 ವರ್ಷ, ಮೈಸೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದಾಳೆ. ಈ ಒಂದು ವರ್ಷದಲ್ಲಿ ನಾಲ್ಕು ಸಲ ಎಚ್ಚರ ತಪ್ಪಿ ಬಿದ್ದಿದ್ದಾಳೆ. ಆಷಾಢ ಶುಕ್ರವಾರ ಉಪವಾಸ ಇದ್ದುಕೊಂಡು ಚಾಮುಂಡಿ ಬೆಟ್ಟದ ಸಾಲಿನಲ್ಲಿ ನಿಂತಿದ್ದಾಗ ಒಂದು ಸಲ, ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಒಂದು ಸಲ, ಬಿಸಿನೀರು ಸ್ನಾನ ಮುಗಿಸಿ ಎದ್ದಾಗ ಒಂದು ಸಲ, ಕಾಲೇಜಿನ ಕಾರ್ಯಕ್ರಮದಲ್ಲಿ ಬಿಸಿಲಿಗೆ ನಿಂತಿದ್ದಾಗ ಇನ್ನೊಂದು ಸಲ. ಪ್ರತಿ ಸಲವೂ ಮೊದಲು ಹೊಟ್ಟೆ ತೊಳಸುತ್ತೆ, ತಣ್ಣಗೆ ಬೆವರುತ್ತೆ, ಕಿವಿ ಗುಂಯ್ ಅನ್ನುತ್ತೆ, ಆಮೇಲೆ ಕಣ್ಣು ಕತ್ತಲಾಗಿ ಬೀಳ್ತಾಳೆ. ಅರ್ಧ ನಿಮಿಷದೊಳಗೆ ಎಚ್ಚರ ಆಗುತ್ತೆ. ಕೊನೇ ಸಲ ಕೈಕಾಲು ನಾಲ್ಕೈದು ಬಾರಿ ಅದುರಿತಂತೆ, ಅದನ್ನ ನೋಡಿದವರು ಫಿಟ್ಸ್ ಅಂತ ಹೇಳಿ ಅಕ್ಕ ಭಾವನನ್ನ ಹೆದರಿಸಿಬಿಟ್ಟಿದ್ದಾರೆ.

ಇಸಿಜಿ, ಎಕೋ ಎರಡೂ ನಾರ್ಮಲ್. ಮಲಗಿದಾಗ ಬಿಪಿ 108/68, ನಿಂತು 3 ನಿಮಿಷ ಆದ ಮೇಲೆ 102/70. ನಾಡಿ 74 ಇದ್ದದ್ದು 90 ಆಯ್ತು. ಹಿಮೋಗ್ಲೋಬಿನ್ 10.4. ಟಿಲ್ಟ್ ಟೇಬಲ್ ಪರೀಕ್ಷೆಯಲ್ಲಿ (ಮಂಚಕ್ಕೆ ಪಟ್ಟಿ ಕಟ್ಟಿ, ತಲೆ ಮೇಲಾಗೋ ಹಾಗೆ ಓರೆಯಾಗಿ ನಿಲ್ಲಿಸಿ ನೋಡೋದು) ಎಚ್ಚರ ತಪ್ಪಿತು, ಆಗ ಮೇಲಿನ ಬಿಪಿ 60ಕ್ಕೆ ಇಳಿದಿತ್ತು, ಹೃದಯ 6 ಸೆಕೆಂಡ್ ನಿಂತಿತ್ತು ಅಂತ ವರದಿಯಲ್ಲಿದೆ. ವೇಸೋವೇಗಲ್ ಸಿಂಕೋಪ್, ಅಂದ್ರೆ ನರದ ಪ್ರತಿಕ್ರಿಯೆಯಿಂದ ಬಿಪಿ, ನಾಡಿ ಕುಸಿದು ಬರೋ ಬವಳಿ, ಅಂದ್ರು. ನೀರು ಜಾಸ್ತಿ ಕುಡೀಲಿ, ಉಪ್ಪು ಜಾಸ್ತಿ ತಿನ್ಲಿ, ಬರೋ ಹಾಗಾದ್ರೆ ಕಾಲು ಬಿಗಿ ಹಿಡೀಲಿ ಅಂತ ಹೇಳಿ ಕಳಿಸಿದ್ರು.

ಎಷ್ಟು ನೀರು, ಎಷ್ಟು ಉಪ್ಪು? ಕಾಲು ಬಿಗಿ ಹಿಡಿಯೋದು ಹೇಗೆ? ತಲೆ ಸ್ಕ್ಯಾನ್ ಮಾಡಿಸಬೇಕಾ? ಹೃದಯ 6 ಸೆಕೆಂಡ್ ನಿಂತಿದೆ ಅಂದ್ಮೇಲೆ ಪೇಸ್‌ಮೇಕರ್ ಬೇಕಾಗುತ್ತಾ? ಹಾಸ್ಟೆಲ್ ಹುಡುಗಿಯರಿಗೆ ಏನು ಹೇಳಿಕೊಡಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ನಾಡಿಮಿಡಿತ (ಹೃದ್ರೋಗ ವಿಭಾಗ)

ಮೇಡಂ, ನೀವು ಬರೆದಿರುವ ವಿವರವೇ ಮುಕ್ಕಾಲು ಪಾಲು ರೋಗನಿರ್ಣಯ. ಈ ತೊಂದರೆಯನ್ನು ಯಂತ್ರಕ್ಕಿಂತ ಹೆಚ್ಚಾಗಿ ಕೇಳಿ ತಿಳಿದೇ ಪತ್ತೆ ಮಾಡಬೇಕು. ನಿಂತಿದ್ದಾಗ, ಸೆಖೆಯಲ್ಲಿ, ಹಸಿದಾಗ, ಸೂಜಿ ಕಂಡಾಗ ಬರುತ್ತದೆ. ಮೊದಲು ಹೊಟ್ಟೆ ತೊಳಸಿ ಬೆವರುತ್ತದೆ. ಮಲಗಿದ ಕೂಡಲೇ ತಿಳಿಯಾಗುತ್ತದೆ. ಇದು ವೇಸೋವೇಗಲ್‌ನದೇ ಚಹರೆ.

ಒಳಗೆ ಆಗುವುದು ಇಷ್ಟು. ಎದ್ದು ನಿಂತ ಕೆಲವೇ ಸೆಕೆಂಡಿನಲ್ಲಿ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಎದೆಯಿಂದ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಒತ್ತಡ ಅಳೆಯುವ ನರಗಳು ಇದನ್ನು ಮಿದುಳಿನ ಬುಡಕ್ಕೆ ತಿಳಿಸುತ್ತವೆ, ಅಲ್ಲಿಂದ ಹೊರಟ ಆಜ್ಞೆಗೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ನಾಡಿ ಸ್ವಲ್ಪ ಏರುತ್ತದೆ. ನಿಮ್ಮ ಹುಡುಗಿಯಲ್ಲೂ ಇದು ಸರಿಯಾಗಿಯೇ ನಡೆಯುತ್ತಿದೆ. ನಿಂತು 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಅದು ಬೇರೆ ಕಾಯಿಲೆ. ಈ ವಯಸ್ಸಿನಲ್ಲಿ 10 ನಿಮಿಷದೊಳಗೆ ನಾಡಿ 40 ಏರಿದ್ದರೆ ಅದೂ ಬೇರೆ. ಅವಳಿಗೆ 3 ನಿಮಿಷದಲ್ಲಿ ಏರಿರುವುದು 16 ಮಾತ್ರ. ತೊಂದರೆ ಬರುವುದು ಬಹಳ ಹೊತ್ತು ನಿಂತ ಮೇಲೆ, ಅಥವಾ ಸೂಜಿ, ನೋವು, ಗಾಬರಿಯ ಹೊತ್ತಿನಲ್ಲಿ. ಆಗ ಆಜ್ಞೆಯೇ ತಿರುಗಿಬೀಳುತ್ತದೆ. ರಕ್ತನಾಳಗಳನ್ನು ಬಿಗಿದಿಟ್ಟಿದ್ದ ನರ ಸುಮ್ಮನಾಗುತ್ತದೆ, ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ. ಮಿದುಳಿಗೆ ರಕ್ತ 6ರಿಂದ 8 ಸೆಕೆಂಡ್ ಪೂರ್ತಿ ನಿಂತರೆ ಸಾಕು, ಎಚ್ಚರ ತಪ್ಪುತ್ತದೆ. ನೆಲಕ್ಕೆ ಬಿದ್ದ ಕೂಡಲೇ ಕಾಲಿನ ರಕ್ತ ಎದೆಗೆ ವಾಪಸ್ ಬರುವುದರಿಂದ ತಾನಾಗಿಯೇ ಎಚ್ಚರವಾಗುತ್ತದೆ. ಮಿದುಳಿಗೆ ಇದರಿಂದ ಪೆಟ್ಟಾಗುವುದಿಲ್ಲ. ಪೆಟ್ಟಾಗುವುದು ಬೀಳುವಾಗ ತಲೆ ಬಡಿದರೆ, ಹಲ್ಲು ಮುರಿದರೆ, ಕೈಯಲ್ಲಿ ಬಿಸಿ ಎಣ್ಣೆ ಇದ್ದರೆ. ಚಿಕಿತ್ಸೆಯ ಗುರಿಯೂ ಆ ಬೀಳುವಿಕೆಯನ್ನು ತಪ್ಪಿಸುವುದೇ.

ಅದುರಿದ ಬಗ್ಗೆ: ಮಿದುಳಿಗೆ ರಕ್ತ ಕಡಿಮೆಯಾದಾಗ ಕೈಕಾಲು ಒಂದಷ್ಟು ಸಲ ಜಗ್ಗುವುದು ಸಾಮಾನ್ಯ. ಜಗ್ಗುವುದು ಹತ್ತಕ್ಕಿಂತ ಕಡಿಮೆ ಇದ್ದರೆ ಬಹುತೇಕ ಬವಳಿ, ಇಪ್ಪತ್ತು ದಾಟಿದರೆ ಫಿಟ್ಸ್ ಕಡೆ ಯೋಚಿಸಬೇಕು. ನಾಲಿಗೆಯ ಪಕ್ಕ ಕಚ್ಚಿಕೊಂಡಿರುವುದು, ಮುಖ ನೀಲಿಗಟ್ಟುವುದು, ಎಚ್ಚರವಾದ ಮೇಲೂ ಬಹಳ ಹೊತ್ತು ಯಾರನ್ನೂ ಗುರುತಿಸದಿರುವುದು, ಇವು ಫಿಟ್ಸ್‌ನ ಗುರುತುಗಳು. ಬವಳಿಯಲ್ಲಿ ಮುಖ ಬಿಳಿಚಿಕೊಳ್ಳುತ್ತದೆ, ಎದ್ದ ತಕ್ಷಣ ಸುಸ್ತಿರುತ್ತದೆ, ಆದರೆ ಎಲ್ಲಿದ್ದೇನೆ ಎಂದು ಗೊತ್ತಿರುತ್ತದೆ. ಕಣ್ಣು ತೆರೆದೇ ಇರುವುದು, ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲೂ ಉಂಟು, ಅದರಿಂದ ಏನೂ ತೀರ್ಮಾನ ಮಾಡಬೇಡಿ. ಇನ್ನೊಂದು ಸಲ ಆದರೆ ಪಕ್ಕದವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲಿ. ಎಷ್ಟೋ ಸ್ಕ್ಯಾನ್ ಹೇಳದ್ದನ್ನು ಆ 20 ಸೆಕೆಂಡ್ ಹೇಳುತ್ತದೆ.

ತಲೆಯ ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಇವಳಿಗೆ ಬೇಡ. ಇಇಜಿ ಬೇಡ ಅನ್ನಲು ಕಾರಣವಿದೆ. ಆರೋಗ್ಯವಾಗಿರುವವರಲ್ಲೂ ಅದರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಾಣಬಹುದು. ಅದನ್ನು ನೋಡಿ ಫಿಟ್ಸ್ ಮಾತ್ರೆ ಶುರು ಮಾಡಿದರೆ, ಆಮೇಲೆ ನಿಲ್ಲಿಸಿಸಲು ವರ್ಷಗಟ್ಟಲೆ ಒದ್ದಾಡಬೇಕಾಗುತ್ತದೆ.

ಹೃದಯ 6 ಸೆಕೆಂಡ್ ನಿಂತದ್ದು ಓದಲು ಭಯವಾಗುತ್ತದೆ, ಒಪ್ಪುತ್ತೇನೆ. ಆದರೆ ಹೃದಯದ ವಿದ್ಯುತ್ ಜಾಲ ಕೆಟ್ಟು ನಿಂತದ್ದಲ್ಲ ಅದು, ವೇಗಸ್ ನರ ನಿಲ್ಲಿಸಿದ್ದು. ಹರೆಯದವರ ಟಿಲ್ಟ್ ಪರೀಕ್ಷೆಯಲ್ಲಿ ಇದಕ್ಕಿಂತ ಉದ್ದದ ನಿಲುಗಡೆಯೂ ಕಾಣುವುದುಂಟು. ಪೇಸ್‌ಮೇಕರ್ ಹೃದಯದ ಬಡಿತವನ್ನು ಹಿಡಿದಿಡುತ್ತದೆ, ಸಡಿಲವಾದ ರಕ್ತನಾಳವನ್ನು ಬಿಗಿಯುವುದಿಲ್ಲ. ಹಾಗಾಗಿ ಬಿಪಿ ಮೊದಲೇ ಕುಸಿದವರಿಗೆ ಅದು ಇದ್ದರೂ ಬೀಳುತ್ತಾರೆ. 2021ರಲ್ಲಿ ಪ್ರಕಟವಾದ ಬಯೋಸಿಂಕ್ ಅಧ್ಯಯನದಲ್ಲಿ ಸುಮಾರು 11 ತಿಂಗಳ ಅನುಸರಣೆಯಲ್ಲಿ ಮತ್ತೆ ಬಿದ್ದವರು ಪೇಸ್‌ಮೇಕರ್ ಚಾಲೂ ಇದ್ದ ಗುಂಪಿನಲ್ಲಿ ಶೇ. 16, ಇಲ್ಲದ ಗುಂಪಿನಲ್ಲಿ ಶೇ. 53. ಒಳ್ಳೆಯ ಫಲಿತಾಂಶವೇ. ಆದರೆ ಅವರೆಲ್ಲ 40 ದಾಟಿದವರು, ಮತ್ತೆ ಮತ್ತೆ ಬೀಳುತ್ತಿದ್ದವರು, ಟಿಲ್ಟ್‌ನಲ್ಲಿ ಹೃದಯ ನಿಂತದ್ದು ಖಚಿತವಾದವರು. 19ರ ಹುಡುಗಿಗೆ ಆ ತಂತಿ ಹಾಕಿದರೆ ಮುಂದಿನ ಐವತ್ತು ಅರವತ್ತು ವರ್ಷ ಬ್ಯಾಟರಿ ಬದಲಾವಣೆ, ತಂತಿಗೆ ಸೋಂಕು ಇವೆಲ್ಲ ಬೆನ್ನಿಗಿರುತ್ತವೆ. ಬೇಡ.

ಆದರೂ ಕೆಲವು ಪ್ರಶ್ನೆ ಅವಳನ್ನೇ ಕೂರಿಸಿಕೊಂಡು ಕೇಳಿ. ಓಡುವಾಗ, ಈಜುವಾಗ, ಬೆಟ್ಟದ ಮೆಟ್ಟಿಲು ಹತ್ತುತ್ತಿರುವಾಗಲೇ ಯಾವತ್ತಾದರೂ ಬಿದ್ದಿದ್ದಾಳೆಯೇ? ಹತ್ತಿ ಮುಗಿಸಿ ನಿಂತ ಮೇಲೆ ಬೀಳುವುದು ಬೇರೆ, ಹತ್ತುತ್ತಿರುವಾಗಲೇ ಬೀಳುವುದು ಬೇರೆ. ಎರಡನೆಯದು ಹೃದಯದ ಕಾಯಿಲೆಯ ಕಡೆ ಬೆರಳು ತೋರಿಸುತ್ತದೆ. ಮಲಗಿದ್ದಾಗ ಆಗಿದೆಯೇ? ಅಲಾರಂ, ಪಟಾಕಿಯಂಥ ದಿಢೀರ್ ಸದ್ದಿಗೆ ಬಿದ್ದಿದ್ದಾಳೆಯೇ? ಬೀಳುವ ಮೊದಲು ಎದೆ ಡವಡವ ಹೊಡೆದುಕೊಂಡಿದೆಯೇ? ಯಾವ ಮುನ್ಸೂಚನೆಯೂ ಇಲ್ಲದೆ ಕಂಬ ಬಿದ್ದಂತೆ ಬಿದ್ದಿದ್ದಾಳೆಯೇ? ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಯಾವುದಕ್ಕಾದರೂ ಹೌದು ಅಂದರೆ ಇಸಿಜಿಯನ್ನು ಹೃದಯದ ವಿದ್ಯುತ್ ತೊಂದರೆ ನೋಡುವ ವೈದ್ಯರು ಮತ್ತೊಮ್ಮೆ ನೋಡಬೇಕು, ಮುಖ್ಯವಾಗಿ ಕ್ಯೂಟಿ ಅಂತರವನ್ನು (ಇಸಿಜಿಯಲ್ಲಿ ಪ್ರತಿ ಬಡಿತದ ವಿದ್ಯುತ್ ಅಲೆ ಮುಗಿಯಲು ಹಿಡಿಯುವ ಹೊತ್ತು) ಕೈಯಲ್ಲಿ ಅಳೆಯಬೇಕು. ಮೈಸೂರಿನ ಜಯದೇವದಲ್ಲಿ ತೋರಿಸಬಹುದು. ಎಲ್ಲಕ್ಕೂ ಇಲ್ಲ ಅಂದರೆ ಮುಂದಿನದು ನೀರು, ಉಪ್ಪು, ಸ್ನಾಯು.

ಫಿಸಿಯೋ ಮಂಡ್ಯ

ಕಾಲು ಬಿಗಿ ಹಿಡಿಯೋದರ ಬಗ್ಗೆ ನಾನು ಹೇಳ್ತೀನಿ. ಇದನ್ನ ಬಾಯಲ್ಲಿ ಹೇಳಿ ಕಳಿಸಿದ್ರೆ ಯಾರೂ ಸರಿಯಾಗಿ ಮಾಡಲ್ಲ, ಒಂದ್ಸಲ ಮಾಡಿಸಿ ತೋರಿಸಲೇಬೇಕು.

ಹೊಟ್ಟೆ ತೊಳಸಿ ಬೆವರು ಶುರುವಾದ ಕ್ಷಣದಿಂದ ಬೀಳೋವರೆಗೆ ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಇರುತ್ತೆ. ಅಷ್ಟರಲ್ಲಿ ಕಾಲು, ಹೊಟ್ಟೆಯ ದೊಡ್ಡ ಸ್ನಾಯುಗಳನ್ನ ಹಿಂಡಿದ್ರೆ ಅಲ್ಲಿ ನಿಂತಿರೋ ರಕ್ತ ಎದೆಗೆ ಏರುತ್ತೆ, ಬಿಪಿ ಕೆಲವೇ ಸೆಕೆಂಡಲ್ಲಿ ಮೇಲೆ ಬರುತ್ತೆ.

ಮೊದಲನೆಯದು ಕಾಲು ಹೆಣೆಯೋದು. ನಿಂತಲ್ಲೇ ಒಂದು ಕಾಲನ್ನ ಇನ್ನೊಂದರ ಮುಂದೆ ಅಡ್ಡ ಹಾಕಿ, ಎರಡೂ ಪಾದ ನೆಲಕ್ಕೆ ಊರಿರಬೇಕು. ತೊಡೆಗೆ ತೊಡೆ ಒತ್ತಿ, ಪೃಷ್ಠ ಬಿಗಿ ಮಾಡಿ, ಹೊಟ್ಟೆ ಗಟ್ಟಿ ಮಾಡಿ. ಗೋಡೆಯೋ ಕಂಬವೋ ಸಿಕ್ಕಿದ್ರೆ ಒಂದು ಕೈ ಊರಿಕೊಳ್ಳಿ, ಇಲ್ಲದಿದ್ರೆ ವಾಲಿ ಬೀಳೋ ಸಾಧ್ಯತೆ ಇದೆ.

ಎರಡನೆಯದು ಕೈ ಎಳೆತ. ಎಡಗೈ ಬೆರಳುಗಳನ್ನ ಬಲಗೈ ಬೆರಳುಗಳಿಗೆ ಕೊಕ್ಕೆ ಹಾಕಿದ ಹಾಗೆ ಸಿಕ್ಕಿಸಿ ಎರಡೂ ಕಡೆಗೆ ಜೋರಾಗಿ ಎಳೀರಿ, ಬಿಡಿಸಿಕೊಳ್ಳಬಾರದು. ಬಸ್ಸಲ್ಲಿ, ತರಗತಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು, ಹಾಗಾಗಿ ಹುಡುಗಿಯರು ಇದನ್ನೇ ಇಷ್ಟಪಡ್ತಾರೆ. ರಬ್ಬರ್ ಚೆಂಡು ಹಿಂಡೋದೂ ಇದೇ ಜಾತಿಯದು, ಬಲ ಸ್ವಲ್ಪ ಕಮ್ಮಿ.

ಮೂರನೆಯದು ಕುಕ್ಕರುಗಾಲಲ್ಲಿ ಕೂರೋದು. ಎಲ್ಲಕ್ಕಿಂತ ಬಲವಾದದ್ದು ಇದೇ. ಚಪ್ಪಲಿ ಪಟ್ಟಿ ಸರಿ ಮಾಡೋ ನೆಪದಲ್ಲಿ ಕೂತುಬಿಟ್ಟರಾಯ್ತು. ಆದರೆ ಏಳುವಾಗ ದಡಕ್ಕನೆ ಎದ್ದರೆ ರಕ್ತ ಮತ್ತೆ ಕೆಳಗಿಳಿದು ಅಲ್ಲೇ ಬೀಳ್ತಾರೆ. ಏಳುವ ಮುಂಚೆ ತೊಡೆ, ಪೃಷ್ಠ ಬಿಗಿ ಮಾಡಿಕೊಂಡು, ನಿಧಾನಕ್ಕೆ ಎದ್ದು, ಎದ್ದ ಕೂಡಲೇ ಕಾಲು ಹೆಣೆದು ನಿಲ್ಲಬೇಕು.

ಯಾವುದನ್ನೇ ಮಾಡಿದ್ರೂ ಲಕ್ಷಣ ಪೂರ್ತಿ ಹೋಗೋವರೆಗೆ ಬಿಗಿ ಬಿಡಬಾರದು, ಎರಡು ನಿಮಿಷ ಆದರೂ ಸರಿ. ಜನ ಮಾಡೋ ತಪ್ಪು ಉಸಿರು ಬಿಗಿಹಿಡಿಯೋದು. ಮುಕ್ಕಿ ಉಸಿರು ಕಟ್ಟಿದ್ರೆ ಎದೆಯೊಳಗಿನ ಒತ್ತಡ ಏರಿ ವಾಪಸ್ ಬರೋ ರಕ್ತವೇ ತಡೆದು ನಿಲ್ಲುತ್ತೆ, ಬವಳಿ ಇನ್ನೂ ಬೇಗ ಬರುತ್ತೆ. ಬಿಗಿ ಹಿಡಿಯುವಾಗ ಜೋರಾಗಿ ಒಂದು, ಎರಡು, ಮೂರು ಅಂತ ಎಣಿಸೋಕೆ ಹೇಳಿ, ಎಣಿಸ್ತಿದ್ರೆ ಉಸಿರು ತಾನಾಗೇ ಆಡುತ್ತೆ. ಇನ್ನೊಂದು ತಪ್ಪು, ಕಣ್ಣು ಪೂರ್ತಿ ಕತ್ತಲಾಗೋವರೆಗೆ ಕಾಯೋದು. ಹೊಟ್ಟೆ ತೊಳಸಿದ ಕೂಡಲೇ ಶುರು ಮಾಡಬೇಕು. ಬಿಗಿ ಹಿಡಿದು ಕಾಲು ನಿಮಿಷ ಆದರೂ ಕತ್ತಲು ತಿಳಿಯಾಗದೆ ಹೆಚ್ಚುತ್ತಾ ಹೋದರೆ ನಾಚಿಕೆ ಬಿಟ್ಟು ನೆಲದ ಮೇಲೆ ಮಲಗಬೇಕು. ದೇವಸ್ಥಾನದ ಸಾಲಾಗಲಿ, ದಸರಾ ಮೆರವಣಿಗೆಯ ಜನಜಂಗುಳಿಯಾಗಲಿ, ಮಲಗೋದೇ ಸರಿ. ತಾನಾಗಿ ಮಲಗಿದವಳಿಗೆ ತಲೆ ಒಡೆಯಲ್ಲ.

2006ರಲ್ಲಿ ಪ್ರಕಟವಾದ ಪಿಸಿ-ಟ್ರಯಲ್‌ನಲ್ಲಿ 223 ಜನರಿದ್ದರು. ಬರೀ ಸಲಹೆ ಪಡೆದವರಲ್ಲಿ ಮತ್ತೆ ಬಿದ್ದವರು ಸುಮಾರು ಶೇ. 51, ಈ ಬಿಗಿತ ಕಲಿತವರಲ್ಲಿ ಸುಮಾರು ಶೇ. 32. ಖರ್ಚಿಲ್ಲದ ಚಿಕಿತ್ಸೆಗೆ ಇದು ಸಣ್ಣ ಲಾಭ ಅಲ್ಲ. ಆದರೆ ಮುನ್ಸೂಚನೆ ಚೆನ್ನಾಗಿ ಸಿಗೋರಿಗೆ ಮಾತ್ರ ಕೆಲಸಕ್ಕೆ ಬರುತ್ತೆ. ನಿಮ್ಮ ಹುಡುಗಿಗೆ ಸಿಗುತ್ತೆ, ಅದು ಅನುಕೂಲ. ದಿನಾ ಬೆಳಿಗ್ಗೆ ಸಂಜೆ, ಏನೂ ಆಗದಿದ್ದಾಗಲೇ ಐದೈದು ಸಲ ಅಭ್ಯಾಸ ಮಾಡಲಿ. ಗಾಬರಿಯಾದಾಗ ಯೋಚನೆ ಓಡಲ್ಲ, ಮೈಗೇ ರೂಢಿ ಆಗಿರಬೇಕು.

ಸೂಜಿಗೆ ಬೀಳೋದಕ್ಕೆ ಲೆಕ್ಕ ಸ್ವಲ್ಪ ಬೇರೆ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದೆ. ಕೈ, ಕಾಲು, ಎದೆ, ಹೊಟ್ಟೆ ಎಲ್ಲ ಒಟ್ಟಿಗೆ 10-15 ಸೆಕೆಂಡ್ ಬಿಗಿ ಮಾಡಿ, ಮುಖಕ್ಕೆ ಬಿಸಿ ಏರಿದ ಹಾಗನ್ನಿಸಬೇಕು. ಆಮೇಲೆ 20-30 ಸೆಕೆಂಡ್ ಸಡಿಲ ಬಿಡಿ. ಪೂರ್ತಿ ಜೋತುಬೀಳೋ ಹಾಗೆ ಅಲ್ಲ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. ಹೀಗೆ ಐದು ಸಲ. ದೀರ್ಘ ಉಸಿರು ತಗೊಂಡು ಮೈ ಸಡಿಲ ಬಿಡಿ ಅಂತ ಸೂಜಿ ಹೆದರಿಕೆಯವರಿಗೆ ಎಲ್ಲರೂ ಹೇಳ್ತಾರೆ, ಈ ತರಹದವರಿಗೆ ಅದು ಉಲ್ಟಾ ಹೊಡೆಯುತ್ತೆ, ಬಿಪಿ ಇನ್ನೂ ಇಳಿಯುತ್ತೆ. ರಕ್ತ ತೆಗೆಯೋ ಕೈ ಮಾತ್ರ ಸಡಿಲ ಇರಲಿ, ಉಳಿದ ಮೈ ಬಿಗಿ.

ಗೋಡೆಗೆ ಒರಗಿ ದಿನಾ ಅರ್ಧ ಗಂಟೆ ನಿಲ್ಲೋ ಟಿಲ್ಟ್ ತರಬೇತಿ ಬಗ್ಗೆ ಯಾರಾದರೂ ಹೇಳಿದ್ರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಧ್ಯಯನಗಳಲ್ಲಿ ಸ್ಥಿರವಾದ ಲಾಭ ಕಂಡಿಲ್ಲ, ಜನ ಬೇಗ ಬಿಟ್ಟೂ ಬಿಡ್ತಾರೆ. ಅದರ ಬದಲು ಮೀನಖಂಡ, ತೊಡೆ ಬಲ ಮಾಡಿಕೊಳ್ಳಲಿ. ಹಿಮ್ಮಡಿ ಎತ್ತಿ ಇಳಿಸೋದು 15ರಂತೆ ಮೂರು ಸಲ, ಕುರ್ಚಿಯಿಂದ ಕೈ ಊರದೆ ಏಳೋದು 10ರಂತೆ ಮೂರು ಸಲ, ದಿನಾ ಅರ್ಧ ಗಂಟೆ ಚುರುಕು ನಡಿಗೆ. ಸಾಲಲ್ಲಿ ನಿಂತಾಗ ಮಂಡಿ ಲಾಕ್ ಮಾಡಿ ನೆಟ್ಟಗೆ ನಿಲ್ಲಬಾರದು, ಹಿಮ್ಮಡಿ ಎತ್ತಿ ಇಳಿಸ್ತಾ, ಭಾರ ಬದಲಿಸ್ತಾ ಇರಬೇಕು. ಶಾಲೆಯಲ್ಲಿ ಪ್ರಾರ್ಥನೆಗೆ, ಆಗಸ್ಟ್ 15ರ ಕವಾಯತಿಗೆ ನಿಂತ ಮಕ್ಕಳು ದೊಪ್ಪನೆ ಬೀಳೋದಕ್ಕೂ ಇದೇ ಕಾರಣ.

ವಾರ್ಡ್ ಸಿಸ್ಟರ್

ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ನೀರು, ಉಪ್ಪು, ಹಾಸ್ಟೆಲ್ ವಿಷಯ ನಾನು ಸೇರಿಸುತ್ತೇನೆ.

ನೀರು ದಿನಕ್ಕೆ 2ರಿಂದ 3 ಲೀಟರ್. ಮೂತ್ರ ತಿಳಿ ಬಣ್ಣಕ್ಕೆ ಬಂದರೆ ಸಾಕಾಗಿದೆ ಎಂದರ್ಥ. ಹಾಸ್ಟೆಲ್ ಹುಡುಗಿಯರು ಶೌಚಾಲಯಕ್ಕೆ ಹೋಗಲು ಮುಜುಗರವೆಂದು ಮಧ್ಯಾಹ್ನದವರೆಗೆ ಏನೂ ಕುಡಿಯುವುದಿಲ್ಲ, ತೊಂದರೆ ಅಲ್ಲೇ ಶುರು. ಎದ್ದ ಕೂಡಲೇ ಮಂಚದಲ್ಲೇ ಎರಡು ಲೋಟ, ತಿಂಡಿಗೆ ಒಂದು, ಕಾಲೇಜಿಗೆ ಒಂದು ಲೀಟರ್ ಬಾಟಲಿ. ತುಂಬ ಹೊತ್ತು ನಿಲ್ಲಬೇಕಾದ ಕಡೆ ಅಥವಾ ಪರೀಕ್ಷೆಗೆ ರಕ್ತ ಕೊಡುವ ಮುಂಚೆ, 10-15 ನಿಮಿಷ ಮೊದಲು ಅರ್ಧ ಲೀಟರ್ ನೀರನ್ನು ಐದು ನಿಮಿಷದೊಳಗೆ ಕುಡಿದು ಮುಗಿಸಲಿ. ಗುಟುಕು ಗುಟುಕಾಗಿ ಒಂದು ಗಂಟೆ ಕುಡಿದರೆ ಅದೇ ಪರಿಣಾಮ ಬರುವುದಿಲ್ಲ. ಬೇಗ ಕುಡಿದ ನೀರು ರಕ್ತನಾಳ ಬಿಗಿಯುವ ನರವನ್ನು ಎಬ್ಬಿಸುತ್ತದೆ, ಪರಿಣಾಮ ಸುಮಾರು ಅರ್ಧ ಗಂಟೆಯಲ್ಲಿ ತುದಿ ಮುಟ್ಟುತ್ತದೆ.

ಉಪ್ಪು: ತಲೆ ಸವರಿದ ಒಂದು ಟೀ ಚಮಚಕ್ಕೆ 5ರಿಂದ 6 ಗ್ರಾಂ. ದಿನದ ಒಟ್ಟು ಉಪ್ಪು ಸುಮಾರು 10 ಗ್ರಾಂ ಆಗುವ ಹಾಗೆ ನೋಡಿಕೊಳ್ಳುವುದು ರೂಢಿಯ ಸಲಹೆ. ನಮ್ಮ ಕಡೆ ಸಾರು, ಉಪ್ಪಿನಕಾಯಿ, ಹಪ್ಪಳದಲ್ಲಿ ಈಗಾಗಲೇ ಸಾಕಷ್ಟು ಹೋಗಿರುತ್ತದೆ, ಎಲ್ಲರಿಗೂ ಮೇಲುಪ್ಪು ಬೇಕಾಗುವುದಿಲ್ಲ. 24 ಗಂಟೆಯ ಮೂತ್ರ ಹಿಡಿದು ಸೋಡಿಯಂ ನೋಡಿಸಿದರೆ ಗೊತ್ತಾಗುತ್ತದೆ. 170 ಮಿಲಿಮೋಲ್‌ಗಿಂತ ಕಡಿಮೆ ಇದ್ದವರಿಗೆ ಉಪ್ಪು ಸೇರಿಸಿದರೆ ಲಾಭ, ಅದಕ್ಕಿಂತ ಹೆಚ್ಚಿದ್ದರೆ ಇನ್ನಷ್ಟು ತಿಂದು ಪ್ರಯೋಜನ ಕಮ್ಮಿ. ಹಾಸ್ಟೆಲ್ ಊಟ ಬಿಟ್ಟು ಹಣ್ಣು, ಬಿಸ್ಕತ್ತಿನಲ್ಲಿ ದಿನ ಕಳೆಯುವವರಲ್ಲಿ ಕಡಿಮೆ ಇರುವುದೇ ಹೆಚ್ಚು. ಸುಲಭದ ದಾರಿ ಮಜ್ಜಿಗೆ. ದೊಡ್ಡ ಲೋಟಕ್ಕೆ ಕಾಲು ಚಮಚ ಉಪ್ಪು, ದಿನಕ್ಕೆ ಎರಡು ಲೋಟ. ಬೇಸಿಗೆಯಲ್ಲಿ, ಮುಟ್ಟಿನ ದಿನಗಳಲ್ಲಿ, ಭೇದಿಯಾದಾಗ ಒಆರ್‌ಎಸ್ ಪುಡಿ. 20.5 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಅರ್ಧ ಪುಡಿ ಅಂದಾಜಿನಲ್ಲಿ ಹಾಕಬಾರದು. ಆ ಒಂದು ಲೀಟರ್‌ನಲ್ಲಿ ಸುಮಾರು 4.4 ಗ್ರಾಂ ಉಪ್ಪಿನಷ್ಟು ಸೋಡಿಯಂ ಇರುತ್ತದೆ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಪಾನೀಯಗಳಲ್ಲಿ ಸಕ್ಕರೆ ಹೆಚ್ಚು, ಸೋಡಿಯಂ ಕಡಿಮೆ ಇರಬಹುದು, ಲೇಬಲ್ ಓದಿ ತೆಗೆದುಕೊಳ್ಳಿ. ಬರೀ ಉಪ್ಪನ್ನು ಚಮಚದಲ್ಲಿ ಬಾಯಿಗೆ ಹಾಕಿಸಬೇಡಿ, ವಾಂತಿಯಾಗಿ ಇದ್ದ ನೀರೂ ಹೋಗುತ್ತದೆ. ಮನೆಯಲ್ಲಿ ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಇದನ್ನು ನೋಡಿ ಉಪ್ಪು ಹೆಚ್ಚಿಸಬಾರದು. ಇದು ಅವಳಿಗೆ ಮಾತ್ರ.

ಹಿಮೋಗ್ಲೋಬಿನ್ 10.4 ಅನ್ನುವುದನ್ನು ಯಾರೂ ಮುಟ್ಟಿಲ್ಲ. ಹೆಣ್ಣುಮಕ್ಕಳಿಗೆ 12 ಇರಬೇಕು. ರಕ್ತಹೀನತೆಯೊಂದೇ ಕಾರಣ ಅಂತಲ್ಲ, ಆದರೆ ನಿಲ್ಲುವ ತಾಕತ್ತು ಅದರಿಂದ ತಗ್ಗುತ್ತದೆ. ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತ ಪರೀಕ್ಷೆ) ನೋಡಿಸಿ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ ಕೇಳಿ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರೆ ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮೈಸೂರಿನಲ್ಲಿ ತಿಂಡಿಯ ಬೆನ್ನಿಗೇ ಕಾಫಿ ಕುಡಿದು ಮಾತ್ರೆ ನುಂಗುವವರೇ ಜಾಸ್ತಿ, ಆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಸ್ನಾನದ ಮನೆಯ ಬಗ್ಗೆ ಒತ್ತಿ ಹೇಳುತ್ತೇನೆ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಎಣ್ಣೆಸ್ನಾನದ ದಿನ ಇನ್ನೂ ಹೆಚ್ಚು. ಸ್ಟೂಲಿನ ಮೇಲೆ ಕೂತು ಉಗುರು ಬೆಚ್ಚಗಿನ ನೀರಲ್ಲಿ ಮೀಯಲಿ, ಕೊನೆಗೆ ಕಾಲಿಗೆ ತಣ್ಣೀರು ಹಾಕಿಕೊಂಡು ಏಳಲಿ, ಒಳಚಿಲಕ ಹಾಕದಿರಲಿ. ಆದರೆ ಅಲ್ಲಿ ಗ್ಯಾಸ್ ಗೀಸರ್ ಇದೆಯೇ ಎಂದು ಮೊದಲು ನೋಡಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಹೊಟ್ಟೆ ತೊಳಸು, ಕಾಲು ಸೋತು ಕುಸಿಯುವುದು, ಕೇಳಲು ಥೇಟ್ ಬವಳಿಯೇ. ವ್ಯತ್ಯಾಸ ಏನೆಂದರೆ ಬವಳಿ ಮಲಗಿದರೆ ತಿಳಿಯಾಗುತ್ತದೆ, ಇಲ್ಲಿ ಮಲಗಿದಷ್ಟು ಹೊತ್ತೂ ವಿಷವನ್ನೇ ಉಸಿರಾಡುತ್ತಿರುತ್ತಾರೆ, ಜೀವ ಹೋಗುತ್ತದೆ. ಮೊದಲು ಬಾಗಿಲು ತೆಗೆದು ಹೊರಗೆಳೆಯಬೇಕು. ಗೀಸರ್ ಬಚ್ಚಲಿನ ಹೊರಗೋಡೆಯಲ್ಲಿ, ಗಾಳಿಯಾಡುವ ಕಡೆ ಇರಬೇಕು. ಅವಳ ಆ ಸಲದ ಘಟನೆ ಎಲ್ಲಿ ಆದದ್ದು ಎಂದು ವಿಚಾರಿಸಿ.

ಹಾಸ್ಟೆಲ್ ಗೆಳತಿಯರಿಗೆ ಹೇಳಬೇಕಾದದ್ದು: ಬಿದ್ದವಳನ್ನು ಎತ್ತಿ ಕೂರಿಸಬೇಡಿ. ನಮ್ಮ ಜನ ಮಾಡುವ ಅತಿ ದೊಡ್ಡ ತಪ್ಪು ಇದೇ. ಎರಡು ತೋಳು ಹಿಡಿದು ಕುರ್ಚಿಗೆ ಕೂರಿಸಿದರೆ ಮಿದುಳಿಗೆ ಬರಬೇಕಾದ ರಕ್ತ ಬರುವುದೇ ಇಲ್ಲ, ಎಚ್ಚರ ತಪ್ಪಿರುವುದು ಉದ್ದವಾಗುತ್ತದೆ, ಕೈಕಾಲು ಎಳೆಯುವುದೂ ಆಗಲೇ. ಅಂಗಾತ ಮಲಗಿಸಿ ಕಾಲಡಿ ಬ್ಯಾಗು ಇಟ್ಟು ಒಂದಡಿ ಎತ್ತರಿಸಿ. ಉಸಿರಾಡುತ್ತಿದ್ದಾಳೆಯೇ ನೋಡಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ನೀರು, ಸಕ್ಕರೆ, ಜ್ಯೂಸ್ ಯಾವುದೂ ಬೇಡ, ಶ್ವಾಸನಾಳಕ್ಕೆ ಹೋಗುತ್ತದೆ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಇವಕ್ಕೆ ಹೊತ್ತು ಕಳೆಯಬೇಡಿ. ಎಚ್ಚರವಾದ ಮೇಲೆ 10-15 ನಿಮಿಷ ಮಲಗೇ ಇರಲಿ, ಆಮೇಲೆ ಕೂತು ನೀರು ಕುಡಿಯಲಿ, ಆಮೇಲೆ ನಿಲ್ಲಲಿ. ಬೇಗ ಎಬ್ಬಿಸಿದರೆ ಎರಡನೇ ಸಲ ಬೀಳುವುದು ತೀರಾ ಸಾಮಾನ್ಯ. ಎರಡು ನಿಮಿಷವಾದರೂ ಎಚ್ಚರವಾಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಎದೆನೋವು ಅಂದರೆ 108. ಉಸಿರೇ ಆಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆ ಒತ್ತಲು ಶುರು ಮಾಡಬೇಕು. ಬಂಕ್ ಮಂಚವಾದರೆ ಕೆಳಗಿನದನ್ನೇ ಅವಳಿಗೆ ಕೇಳಿ ಪಡೆಯಿರಿ.

ಮದ್ದೂರು ಕಡೆಯವ

ಇದೇ ಸಾಲಿನಲ್ಲಿ ಒಂದು ಕೇಳ್ತೀನಿ. ನಮ್ಮಪ್ಪನಿಗೆ 68. ರಾತ್ರಿ ಎರಡರ ಸುಮಾರಿಗೆ ಮೂತ್ರಕ್ಕೆ ಎದ್ದೋಗಿ, ನಿಂತು ಮಾಡುವಾಗ ಎರಡು ಸಲ ಬಿದ್ದಿದ್ದಾರೆ. ಬಿಪಿಗೆ ಆಮ್ಲೋಡಿಪಿನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ಇದೆ. ಇದೂ ಅದೇನಾ? ಇವರಿಗೂ ಮಜ್ಜಿಗೆ ಉಪ್ಪು ಕೊಡಬಹುದಾ?

ನಾಡಿಮಿಡಿತ

ಉಪ್ಪು ಕೊಡಬೇಡಿ ಸರ್, ಅವರಿಗೆ ಬಿಪಿ ಇದೆ. ನೀವು ಹೇಳುವುದು ಅದೇ ಕುಟುಂಬದ ಇನ್ನೊಂದು ಬಗೆ. ತುಂಬಿದ ಮೂತ್ರಕೋಶ ದಿಢೀರನೆ ಖಾಲಿಯಾದಾಗ ಬಿಗಿದಿದ್ದ ರಕ್ತನಾಳ ಸಡಿಲವಾಗುತ್ತದೆ, ಬೆಚ್ಚಗಿನ ಹಾಸಿಗೆಯಿಂದ ಎದ್ದು ನಿಂತಿರುವುದು ಅದಕ್ಕೆ ಕೂಡಿಕೊಳ್ಳುತ್ತದೆ, ಪ್ರಾಸ್ಟೇಟ್‌ನಿಂದಾಗಿ ಮುಕ್ಕುವುದು ಇನ್ನಷ್ಟು ಕೆಡಿಸುತ್ತದೆ. ಟ್ಯಾಮ್ಸುಲೋಸಿನ್ ನಿಂತಾಗ ಬಿಪಿ ಇಳಿಸಬಲ್ಲ ಮಾತ್ರೆ. ರಾತ್ರಿ ಮದ್ಯ ಕುಡಿಯುವ ಅಭ್ಯಾಸವಿದ್ದರೆ ಅದೂ ಪಾಲುದಾರ.

ಇವತ್ತಿನಿಂದಲೇ ಮಾಡಬಹುದಾದದ್ದು: ಕೂತೇ ಮೂತ್ರ ಮಾಡಲಿ. ಎಚ್ಚರವಾದ ಮೇಲೆ ಮಂಚದಂಚಿಗೆ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಪಾದ ಆಡಿಸಿ ಆಮೇಲೆ ಏಳಲಿ. ದಾರಿಯಲ್ಲಿ ದೀಪವಿರಲಿ. ಹಳ್ಳಿಮನೆಯಲ್ಲಿ ಬಚ್ಚಲು ಹಿತ್ತಲಲ್ಲಿದ್ದರೆ ರಾತ್ರಿಗೆ ಮಂಚದ ಪಕ್ಕದಲ್ಲೇ ಪಾಟ್ ಇಡುವುದು ಮೇಲು, ಅದರಲ್ಲಿ ಸಂಕೋಚ ಬೇಡ. ಸಂಜೆ ಏಳರ ಮೇಲೆ ಕಾಫಿ, ನೀರು ತಗ್ಗಿಸಲಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮಲಗಿದ ಬಿಪಿ, ನಿಂತು ಒಂದನೇ ನಿಮಿಷದ ಮತ್ತು ಮೂರನೇ ನಿಮಿಷದ ಬಿಪಿ ಒಂದು ವಾರ ಬರೆದುಕೊಂಡು ಹೋಗಿ ತೋರಿಸಿ, ಹೊತ್ತು ಅಥವಾ ಪ್ರಮಾಣವನ್ನು ಅವರು ಬದಲಿಸುತ್ತಾರೆ.

ಆದರೆ 68ರಲ್ಲಿ ಬಿದ್ದವರನ್ನು ನೋಡದೆ ಬರೀ ಬವಳಿ ಅನ್ನಲು ಆಗುವುದಿಲ್ಲ. ಇಸಿಜಿ ಬೇಕೇ ಬೇಕು. ಹೃದಯದ ವಿದ್ಯುತ್ ಹಾದಿಯಲ್ಲಿ ಅಡ್ಡಿ ಇದ್ದರೆ ಅಲ್ಲೇ ಸುಳಿವು ಸಿಗುತ್ತದೆ, ಅಂಥವರಿಗೆ ಪೇಸ್‌ಮೇಕರ್ ಜೀವ ಉಳಿಸುತ್ತದೆ. ಎಕೋ, ಹೋಲ್ಟರ್ (ಇಡೀ ದಿನ ಮೈಗೆ ಕಟ್ಟಿ ದಾಖಲಿಸುವ ಇಸಿಜಿ) ಕೂಡ. 40 ದಾಟಿದವರಲ್ಲಿ ಕಾರಣ ಸಿಗದಿದ್ದರೆ ಕತ್ತಿನ ರಕ್ತನಾಳವನ್ನು ಒತ್ತಿ ನೋಡುವ ಪರೀಕ್ಷೆಯಿದೆ. ಹೃದಯ 3 ಸೆಕೆಂಡ್ ಅಥವಾ ಹೆಚ್ಚು ನಿಂತರೆ, ಇಲ್ಲವೇ ಮೇಲಿನ ಬಿಪಿ 50 ಅಥವಾ ಹೆಚ್ಚು ಇಳಿದರೆ, ಜೊತೆಗೆ ಅವರ ಮಾಮೂಲಿ ಲಕ್ಷಣವೂ ಮರುಕಳಿಸಿದರೆ ಅದು ಕೆರೋಟಿಡ್ ಸೈನಸ್ ತೊಂದರೆ. ಅದನ್ನು ಆಸ್ಪತ್ರೆಯಲ್ಲಿ ಇಸಿಜಿ ಹಚ್ಚಿಕೊಂಡೇ ಮಾಡಬೇಕು, ಪಾರ್ಶ್ವವಾಯು ಆದವರಿಗೆ ಮಾಡಬಾರದು, ಮನೆಯಲ್ಲಿ ಕತ್ತು ಒತ್ತಿ ಪರೀಕ್ಷೆ ಮಾಡುವುದು ಖಂಡಿತ ಬೇಡ. ಮಂಡ್ಯದ ಮಿಮ್ಸ್‌ನಲ್ಲಿ ಶುರು ಮಾಡಿ, ಈ ವಾರವೇ.

ಪಾಂಡವಪುರದ ಚಿಕ್ಕಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಾಡಿಮಿಡಿತ ಅವರು ಕೇಳಿದ ಪ್ರಶ್ನೆ ಅಷ್ಟಕ್ಕೂ ಅವಳು ಇಲ್ಲ ಅಂದಳು. ಸ್ನಾನದ ಮನೆಯಲ್ಲಿರೋದು ಕರೆಂಟ್ ಗೀಸರ್. ಇನ್ನು ಎರಡೇ ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ರೆ ಮಾತ್ರೆ ಇದೆಯಾ? ಮತ್ತೆ ಸ್ಕೂಟರ್ ಓಡಿಸಬಹುದಾ?

ನಾಡಿಮಿಡಿತ

ಮಾತ್ರೆ ಇದೆ, ಆದರೆ ಎರಡು ಮೂರು ತಿಂಗಳು ಇವನ್ನೆಲ್ಲ ನಿಷ್ಠೆಯಿಂದ ಮಾಡಿದ ಮೇಲೂ ಬೀಳುತ್ತಿದ್ದರೆ ಮಾತ್ರ. ಮೊದಲ ಆಯ್ಕೆ ಮಿಡೋಡ್ರಿನ್, ಅದು ರಕ್ತನಾಳ ಬಿಗಿಯುತ್ತದೆ. 2021ರ ಪೋಸ್ಟ್-4 ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಮತ್ತೆ ಬಿದ್ದವರು ಈ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 42, ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ ಶೇ. 61. ಸಾಮಾನ್ಯವಾಗಿ 2.5 ಅಥವಾ 5 ಮಿ.ಗ್ರಾಂ.ನಿಂದ ಶುರು ಮಾಡಿ ದಿನಕ್ಕೆ ಮೂರು ಸಲ, ನಾಲ್ಕು ಗಂಟೆ ಅಂತರದಲ್ಲಿ, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಹೀಗೆ. ಅದರ ಕೆಲಸ ನಾಲ್ಕು ಗಂಟೆಗೆ ಮುಗಿಯುತ್ತದೆ, ಮಧ್ಯಾಹ್ನದ್ದು ಮರೆತರೆ ಸಂಜೆ ಸಾಲಿನಲ್ಲಿ ನಿಂತಾಗ ರಕ್ಷಣೆ ಇರುವುದಿಲ್ಲ. ಮಲಗುವ ನಾಲ್ಕು ಗಂಟೆ ಮೊದಲು ಕೊನೆಯದು ಮುಗಿದಿರಬೇಕು, ಇಲ್ಲದಿದ್ದರೆ ಮಲಗಿದಾಗ ಬಿಪಿ ಏರುತ್ತದೆ. ನೆತ್ತಿಯಲ್ಲಿ ಇರುವೆ ಹರಿದಂತಾಗುವುದು, ರೋಮಾಂಚನ ಆಗುವುದು ಮಾಮೂಲು, ಅದಕ್ಕೆ ಹೆದರಿ ಬಿಡಬಾರದು. ಬಿಪಿ ಹೆಚ್ಚಿರುವವರಿಗೆ, ಮೂತ್ರ ಕಟ್ಟುವವರಿಗೆ ಇದು ಆಗದು. ಮದ್ದೂರಿನವರ ಅಪ್ಪನಿಗೆ ಇದನ್ನು ಯೋಚಿಸಲೇಬಾರದು. ಎರಡನೆಯದು ಮೈಯಲ್ಲಿ ಉಪ್ಪು, ನೀರು ಹಿಡಿದಿಡುವ ಫ್ಲೂಡ್ರೊಕಾರ್ಟಿಸೋನ್, ದಿನಕ್ಕೆ 0.05ರಿಂದ 0.2 ಮಿ.ಗ್ರಾಂ., ಲಾಭ ಸಾಧಾರಣ, ಪೊಟ್ಯಾಸಿಯಂ ಇಳಿಯುವುದರಿಂದ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಬೀಟಾ ಬ್ಲಾಕರ್ (ನಾಡಿ ನಿಧಾನ ಮಾಡುವ ಮಾತ್ರೆ) ಬರೆದುಕೊಟ್ಟರೆ ಯಾಕೆ ಎಂದು ಕೇಳಿ, 2006ರ ಪೋಸ್ಟ್ ಅಧ್ಯಯನದಲ್ಲಿ ಆ ಜಾತಿಯ ಮೆಟೊಪ್ರೊಲೋಲ್‌ನಿಂದ ಉಪಯೋಗ ಕಾಣಲಿಲ್ಲ, ಹರೆಯದವರಿಗಂತೂ ಕೊಡಬೇಕಾದ ಕಾರಣವಿಲ್ಲ.

ಹೃದಯದ ಮೇಲಿನ ವೇಗಸ್ ನರದ ಗಂಟುಗಳನ್ನು ಸುಡುವ ಕಾರ್ಡಿಯೋನ್ಯೂರೋಅಬ್ಲೇಶನ್ ಎಂಬ ವಿಧಾನವಿದೆ, 2005ರಿಂದ ಪ್ರಕಟಣೆಗಳಲ್ಲಿ ಬರುತ್ತಿದೆ. ಯಾರಾದರೂ ಮೊದಲ ಭೇಟಿಯಲ್ಲೇ ಅದನ್ನು ಸೂಚಿಸಿದರೆ ಒಪ್ಪಬೇಡಿ. ಎಲ್ಲ ಸೋತು, ಹೃದಯ ನಿಲ್ಲುವುದೇ ಮುಖ್ಯ ತೊಂದರೆ ಎಂದು ಖಚಿತವಾದವರಿಗೆ, ಅನುಭವವಿರುವ ಕಡೆ ಮಾತ್ರ ಮಾಡುವಂಥದ್ದು.

ಸ್ಕೂಟರ್: ಅವಳು ಇಲ್ಲಿಯವರೆಗೆ ಬಿದ್ದದ್ದರಲ್ಲಿ ಸೂಜಿ ಬಿಟ್ಟರೆ ಉಳಿದದ್ದೆಲ್ಲ ನಿಂತಾಗ, ಪ್ರತಿ ಸಲ ಮುನ್ಸೂಚನೆಯೂ ಇತ್ತು. ಆದರೂ ವರ್ಷಕ್ಕೆ ನಾಲ್ಕು ಸಲ ಅಂದರೆ ಹೆಚ್ಚು. ಮೊದಲ ಮೂರು ತಿಂಗಳು ಓಡಿಸುವುದು ಬೇಡ, ಬಸ್ಸಿನಲ್ಲಿ ಹೋಗಲಿ, ಕೂತೇ ಹೋಗಲಿ. ಆ ಅವಧಿಯಲ್ಲಿ ಬೀಳದಿದ್ದರೆ, ಬಂದದ್ದನ್ನು ಬಿಗಿ ಹಿಡಿದು ತಡೆಯಲು ಬಂದರೆ, ವೈದ್ಯರನ್ನು ಕೇಳಿ ಶುರು ಮಾಡಲಿ. ಹಸಿದು, ನಿದ್ದೆಗೆಟ್ಟು, ಜ್ವರ ಅಥವಾ ಭೇದಿ ಇದ್ದ ದಿನ ಮುಟ್ಟಬಾರದು. ಹೊಟ್ಟೆ ತೊಳಸಿದರೆ ಪಕ್ಕಕ್ಕೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆಯದೆ ನೆಲದಲ್ಲಿ ಕೂರಲಿ. ಈಜು, ಒಬ್ಬಳೇ ಮಹಡಿಯಂಚಿನಲ್ಲಿ ನಿಲ್ಲುವುದು ಇವಕ್ಕೂ ಸದ್ಯಕ್ಕೆ ಇದೇ ನಿಯಮ.

ಫಿಸಿಯೋ ಮಂಡ್ಯ

ಮೂರು ತಿಂಗಳಾದ ಮೇಲೆ ಗುಣ ಆಗಿದೆಯಾ ನೋಡೋಕೆ ಮತ್ತೆ ಟಿಲ್ಟ್ ಪರೀಕ್ಷೆ ಮಾಡಿಸಿ ಅಂತ ಯಾರಾದರೂ ಹೇಳಬಹುದು, ಬೇಡ. ಚಿಕಿತ್ಸೆ ಕೆಲಸ ಮಾಡಿದೆಯೋ ಇಲ್ಲವೋ ಅನ್ನೋದನ್ನ ಆ ಪರೀಕ್ಷೆ ಹೇಳಲ್ಲ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಎಲ್ಲಿ ನಿಂತಿದ್ದಳು, ಏನು ತಿಂದಿದ್ದಳು, ಮುಟ್ಟಿನ ಎಷ್ಟನೇ ದಿನ, ಬಿಗಿ ಹಿಡಿದಳಾ, ಬಿದ್ದಳಾ ಅಥವಾ ತಡೆದಳಾ ಅಂತ ಬರೆಯಲಿ. ತಡೆದದ್ದನ್ನೂ ಬರೆಯಬೇಕು, ಬಿದ್ದದ್ದನ್ನ ಮಾತ್ರ ಅಲ್ಲ. ಮುಂದಿನ ಭೇಟಿಗೆ ಅದನ್ನೇ ತಗೊಂಡು ಹೋಗಿ.